ಪೆಟ್ರೋಲ್ ಪೈಪ್‌ಗೆ ಅಯಸ್ಕಾಂತ ಕಟ್ಟಿದರೆ ಹಳೇ ವ್ಯಾನ್ ಮೈಲೇಜ್ ಹೆಚ್ಚುತ್ತದೆಯೇ?

‘ಪೆಟ್ರೋಲ್ ಪೈಪ್‌ಗೆ ಅಯಸ್ಕಾಂತ ಕಟ್ಟಿ, ಮೈಲೇಜ್ ಹೆಚ್ಚಿಸಿ’ ಎನ್ನುವ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಆಗಾಗ ಬರುತ್ತಿರುತ್ತದೆ. ಹಳೇ ಓಮ್ನಿಯನ್ನೇ ನಂಬಿ ದುಡಿಯುವವರು ಇದಕ್ಕೆ ಹಣ ಹಾಕುವ ಮುನ್ನ ಇದನ್ನೊಮ್ಮೆ ಓದಿ.

ಪೆಟ್ರೋಲ್ ಕಬ್ಬಿಣದಂತೆ ಅಯಸ್ಕಾಂತಕ್ಕೆ ಅಂಟುವ ವಸ್ತುವಲ್ಲ. ಸುಸ್ಥಿತಿಯಲ್ಲಿರುವ ಎಂಜಿನ್ ತನ್ನೊಳಗೆ ಹೋದ ಪೆಟ್ರೋಲನ್ನು ಬಹುತೇಕ ಪೂರ್ತಿ ಉರಿಸುತ್ತದೆ. ಅಯಸ್ಕಾಂತ ಉಳಿಸಿಕೊಡಲು ಅಲ್ಲಿ ಹೆಚ್ಚೇನೂ ಮಿಕ್ಕಿರುವುದಿಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಂಧನ ಉಳಿಸುತ್ತವೆ ಎನ್ನಲಾದ ನೂರಕ್ಕೂ ಹೆಚ್ಚು ಸಾಧನಗಳನ್ನು ಪರಿಶೀಲಿಸಿತ್ತು. ಮೈಲೇಜ್ ಗಣನೀಯವಾಗಿ ಹೆಚ್ಚಿಸಿದ್ದು ಒಂದೂ ಸಿಗಲಿಲ್ಲ.

ಹಾಗಾದರೆ ಪೆಟ್ರೋಲ್ ಪೋಲಾಗುವುದೆಲ್ಲಿ? ಮೈಸೂರು ರಸ್ತೆ ಮತ್ತು ಹೊರ ವರ್ತುಲ ರಸ್ತೆ ಸೇರುವ ನಾಯಂಡಹಳ್ಳಿಯಲ್ಲಿ ಸಂಜೆ ಸಿಕ್ಕಿಕೊಂಡವರಿಗೆ ಗೊತ್ತು. ಗಾಡಿ ನಿಂತಿದ್ದು ಎಂಜಿನ್ ಓಡುತ್ತಿದ್ದರೆ ಮೈಲೇಜ್ ಸೊನ್ನೆ. ಸಿಗ್ನಲ್‌ನಲ್ಲಿ ಒಂದು ನಿಮಿಷ ಕಾಯಬೇಕಿದ್ದರೆ ಎಂಜಿನ್ ಆಫ್ ಮಾಡಿ. ಮುಂದೆ ಜಾಮ್ ಕಾಣುತ್ತಿದ್ದರೂ ಆಕ್ಸಿಲರೇಟರ್ ಒತ್ತಿ, ಮರುಕ್ಷಣ ಬ್ರೇಕ್ ಹಾಕಿದರೆ ಸುಟ್ಟ ಪೆಟ್ರೋಲ್ ಬ್ರೇಕಿನ ಬಿಸಿಯಾಗಿ ಹೋಗುತ್ತದೆ.

ಟೈರ್ ಗಾಳಿ 1 ಪಿಎಸ್‌ಐ ಇಳಿದರೆ ಮೈಲೇಜ್ ಸುಮಾರು ಶೇ 0.2ರಷ್ಟು ಇಳಿಯುತ್ತದೆ. ಕಾರ್ಬುರೇಟರ್ ಇರುವ ಹಳೇ ಗಾಡಿಯಲ್ಲಿ ಕಟ್ಟಿಕೊಂಡ ಏರ್ ಫಿಲ್ಟರ್ ಬದಲಿಸಿದರೆ ಶೇ 2ರಿಂದ 6ರಷ್ಟು ಉಳಿತಾಯವಾಗಬಹುದು. ಇಂಜೆಕ್ಷನ್ ಗಾಡಿಗಳಲ್ಲಿ ಇಷ್ಟು ವ್ಯತ್ಯಾಸ ಕಾಣುವುದಿಲ್ಲ.

ಮೈಲೇಜ್ ತಿಳಿಯಲು ಟ್ಯಾಂಕ್ ಫುಲ್ ಮಾಡಿ, ಕಿಲೋಮೀಟರ್ ಬರೆದಿಡಿ. ಮತ್ತೆ ಫುಲ್ ಮಾಡಿದಾಗ, ಓಡಿದ ದೂರವನ್ನು ಹಾಕಿಸಿದ ಲೀಟರ್‌ನಿಂದ ಭಾಗಿಸಿ. ಎರಡು-ಮೂರು ಬಾರಿ ನೋಡಿದರೆ ನಿಜ ತಿಳಿಯುತ್ತದೆ.

ಅಯಸ್ಕಾಂತದ ಸಂದೇಶ ಸುಳ್ಳು. ಮುಂದಕ್ಕೆ ಕಳಿಸಬೇಡಿ. ಆ ಹಣದಲ್ಲಿ ಏರ್ ಫಿಲ್ಟರ್ ಹಾಕಿಸಿ.