ಕಮ್ಮಿ ರೇಟಿನ ವಾಕರ್ ನಿಮ್ಮ ನಾಯಿಗೆ ಎಷ್ಟು ನಿಮಿಷ ಕೊಡ್ತಾನೆ?

(1/6)
"ಡಾಗ್ ವಾಕಿಂಗ್‌ಗೆ ಯಾರಾದ್ರೂ ಹುಡುಗ ಇದ್ರೆ ಹೇಳಿ. ರೇಟ್ ಕಮ್ಮಿ ಇರ್ಲಿ."

ವಿಜಯನಗರ, ಬಸವೇಶ್ವರನಗರ ಕಡೆ ಯಾವ ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪ್ ತೆಗೆದ್ರೂ ಈ ಮೆಸೇಜ್ ಒಂದ್ಸಲ ಆದ್ರೂ ಕಣ್ಣಿಗೆ ಬೀಳುತ್ತೆ. ಕೆಳಗೆ ಮೂರು ನಂಬರ್ ಬರುತ್ತೆ. ಮೂವರಲ್ಲಿ ಕಮ್ಮಿ ಹೇಳಿದವನು ಸೋಮವಾರ ಬೆಳಗ್ಗೆ ಬಂದು ಬೆಲ್ ಒತ್ತುತ್ತಾನೆ. ನೀವು ಅರ್ಧ ನಿದ್ದೇಲಿ ಬಾಗಿಲು ತೆಗೆದು ಬೆಲ್ಟ್ ಕೈಗೆ ಕೊಡ್ತೀರಿ. ಆಯ್ಕೆ ಮುಗೀತು.

ಒಂದು ಮಿಕ್ಸಿ ತಗೊಳ್ಳೋಕೆ ನಾಲ್ಕು ಅಂಗಡಿ ಸುತ್ತೋ ಜನ ನಾವು. ಉಸಿರಾಡೋ ಜೀವವನ್ನ ದಿನಕ್ಕೆರಡು ಸಲ ಬೇರೆಯವರ ಕೈಗೆ ಕೊಡುವಾಗ ಮಾತ್ರ ಒಂದೇ ಪ್ರಶ್ನೆ ಕೇಳ್ತೀವಿ, "ಎಷ್ಟು ತಗೋತೀಯ?" ನನ್ನ ತಕರಾರು ಈ ಪ್ರಶ್ನೆ ಮೇಲೆ.

ಮೊದಲೇ ಹೇಳಿಬಿಡ್ತೀನಿ: ಕಾಲೇಜಿಗೆ ಹೋಗೋ ಮುಂಚೆ ನಾನೂ ಎರಡು ನಾಯಿ ವಾಕ್ ಮಾಡಿಸ್ತೀನಿ. "ಅದಕ್ಕೇ ರೇಟ್ ಜಾಸ್ತಿ ಮಾಡಿ ಅಂತಿದಾನೆ" ಅಂತ ನಿಮಗೆ ಅನ್ಸಿದ್ರೆ ಅನ್ಸಲಿ. ಮುಂದಿನ ಕ್ಯಾಪ್ಶನ್‌ನಲ್ಲಿ ಬರೋದು ಬರೀ ಲೆಕ್ಕ, ನೀವೇ ಕೂಡಿಸಿ ನೋಡಿ.

(2/6)
ಬಿಕಾಂನಲ್ಲಿ ಕಾಸ್ಟ್ ಅಕೌಂಟಿಂಗ್ ಅಂತ ಒಂದು ಪೇಪರ್ ಇದೆ. ಅದರಲ್ಲಿ ಕಲಿತ ಒಂದೇ ಉಪಯೋಗದ ವಿಷಯ ಅಂದ್ರೆ, ಬೆಲೆ ತುಂಬಾ ಕಮ್ಮಿ ಇದ್ರೆ ಎಲ್ಲೋ ಏನೋ ಕತ್ತರಿಸಿದಾರೆ. ಎಲ್ಲಿ ಅಂತ ಹುಡುಕಬೇಕು.

ತಿಂಗಳಿಗೆ 3,000 ರೂಪಾಯಿ ಅಂತಿಟ್ಕೊಳ್ಳಿ. ಬೆಳಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ. ಭಾನುವಾರ ರಜ. 26 ದಿನಕ್ಕೆ 52 ವಾಕ್. ಅಂದ್ರೆ ಒಂದು ವಾಕ್‌ಗೆ ಸುಮಾರು 58 ರೂಪಾಯಿ. ನೀವು ನೋಡೋದು ಅರ್ಧ ಗಂಟೆ ಮಾತ್ರ. ಅವನಿಗೆ ಆಗೋದು ಮುಕ್ಕಾಲು ಗಂಟೆ: ಹಿಂದಿನ ಮನೆಯಿಂದ ಬರಬೇಕು, ಗೇಟಲ್ಲಿ ಹೆಸರು ಬರೀಬೇಕು, ಲಿಫ್ಟಿಗೆ ಕಾಯಬೇಕು, ವಾಪಸ್ ಬಂದು ಕಾಲು ಒರೆಸಿ ನೀರು ಇಡಬೇಕು. ಪೆಟ್ರೋಲ್ ಅವನದೇ.

ಈಗ ಟೈಮ್ ನೋಡಿ. ಎಲ್ಲರಿಗೂ ಬೆಳಗ್ಗೆ ಆರರಿಂದ ಎಂಟೂವರೆ ಒಳಗೇ ವಾಕ್ ಆಗ್ಬೇಕು, ಆಮೇಲೆ ಆಫೀಸು. ಎರಡೂವರೆ ಗಂಟೆ ಅಂದ್ರೆ 150 ನಿಮಿಷ. ಒಂದು ನಾಯಿಗೆ 45 ನಿಮಿಷದ ಹಾಗೆ ಮೂರು ನಾಯಿ. ಪ್ರಾಮಾಣಿಕವಾಗಿ ಮಾಡಿದ್ರೆ ತಿಂಗಳಿಗೆ ಸಿಗೋದು 9,000. ಈ ದುಡ್ಡಲ್ಲಿ ಕೆಂಗೇರಿ ಉಪನಗರದಲ್ಲಿ ಒಂದು ರೂಮ್ ಬಾಡಿಗೆ, ಊಟ, ಬೈಕ್ ಕಂತು ಎಲ್ಲಾ ತೂಗಿಸೋಕೆ ಆಗುತ್ತಾ, ನೀವೇ ಹೇಳಿ. ಅದಕ್ಕೇ ಐದು ನಾಯಿ ಒಪ್ಕೋತಾನೆ. 150 ನಿಮಿಷಕ್ಕೆ ಐದು ನಾಯಿ ಅಂದ್ರೆ ಒಂದಕ್ಕೆ 30 ನಿಮಿಷ. ಅದರಲ್ಲಿ ಬಂದುಹೋಗೋ 15 ಕಳೆದ್ರೆ ನಿಮ್ಮ ನಾಯಿಗೆ ಉಳಿಯೋದು 15 ನಿಮಿಷ. ಇಲ್ಲಾಂದ್ರೆ ಒಂದೇ ಕೈಯಲ್ಲಿ ಎರಡು ಮನೆ ನಾಯಿ.

"ಮೋಸ ಮಾಡ್ತಾನೆ" ಅಂತೀರಿ. ಅವನು ಮೋಸ ಮಾಡದೇ ಬದುಕೋಕೆ ಆಗದ ರೇಟ್‌ಗೆ ಚೌಕಾಸಿ ಮಾಡಿದ್ದು ಯಾರು? "2,500ಕ್ಕೆ ಬರ್ತೀಯಾ" ಅಂತ ಕೇಳಿದ ದಿನಾನೇ ನೀವು ಹತ್ತು ನಿಮಿಷದ ವಾಕ್ ಕೊಂಡ್ಕೊಂಡ್ರಿ.

(3/6)
"ನಮ್ಮ ವಾಕರ್ ದಿನಾ ಫೋಟೋ ಕಳಿಸ್ತಾನೆ, ಮ್ಯಾಪ್ ಕೂಡ ಕಳಿಸ್ತಾನೆ" ಅನ್ನೋರಿಗೆ ಒಂದು ಮಾತು. ಫೋಟೋಗೆ ಎರಡು ಸೆಕೆಂಡ್ ಸಾಕು. ಮ್ಯಾಪ್ ತೋರಿಸೋದು ಫೋನ್ ಎಲ್ಲಿ ಹೋಯ್ತು ಅನ್ನೋದನ್ನ. ನಾಯಿ ಹೆಂಗಿತ್ತು ಅಂತ ಮ್ಯಾಪ್‌ಗೆ ಗೊತ್ತಿಲ್ಲ. ಎಳ್ಕೊಂಡು ಹೋದನಾ, ಕಂಬಕ್ಕೆ ಕಟ್ಟಿ ಟೀ ಕುಡಿದನಾ, ಹೆದರಿ ಬಾಲ ಮುದುರಿದ್ದಾಗ ನಿಂತನಾ, ಇದ್ಯಾವುದೂ ಆ ನೀಲಿ ಗೆರೆಯಲ್ಲಿ ಇರಲ್ಲ.

2025ರ ಅಕ್ಟೋಬರ್ ಕೊನೆಯಲ್ಲಿ ನಮ್ಮ ಊರಲ್ಲೇ, ಬಾಗಲೂರು ಕಡೆ ಒಂದು ಅಪಾರ್ಟ್‌ಮೆಂಟ್‌ನಲ್ಲಿ ನಡೆದಿದ್ದು ನಿಮಗೆಲ್ಲಾ ನೆನಪಿರುತ್ತೆ. ನಾಯಿ ನೋಡ್ಕೊಳ್ಳೋಕೆ ಅಂತ ಇಟ್ಕೊಂಡಿದ್ದ ಕೆಲಸದಾಕೆ ಲಿಫ್ಟ್ ಒಳಗೆ ನಾಯಿಮರಿಯನ್ನ ನೆಲಕ್ಕೆ ಬಡಿದಿದ್ದು ಸಿಸಿಟಿವಿಯಲ್ಲಿ ಸಿಕ್ತು. ಮರಿ ಸತ್ತಿತ್ತು. ಆಕೆಯ ಬಂಧನ ಆಯ್ತು. ಆ ವಿಡಿಯೋ ನಾನು ಪೂರ್ತಿ ನೋಡೋಕಾಗಲಿಲ್ಲ.

ಅದಾದ್ಮೇಲೆ ಎಲ್ಲಾ ಗ್ರೂಪಲ್ಲೂ ಒಂದೇ ಮಾತು: ಆಧಾರ್ ತಗೊಳ್ಳಿ, ಪೊಲೀಸ್ ವೆರಿಫಿಕೇಶನ್ ಮಾಡಿಸಿ, ಇನ್ನೊಂದು ಕ್ಯಾಮೆರಾ ಹಾಕ್ಸಿ. ಮಾಡಿ, ಬೇಡ ಅನ್ನಲ್ಲ. ಆದ್ರೆ ಆಧಾರ್ ಹೇಳೋದು ಹೆಸರು, ವಿಳಾಸ ಮಾತ್ರ. ಕ್ಯಾಮೆರಾ ಹೇಳೋದು ಎಲ್ಲಾ ಮುಗಿದ ಮೇಲೆ. ಆ ಲಿಫ್ಟಲ್ಲೂ ಕ್ಯಾಮೆರಾ ಇತ್ತಲ್ಲ? ಬಂದವರಿಗೆ ನಾಯಿ ಅಂದ್ರೆ ಇಷ್ಟಾನಾ, ಭಯಾನಾ, ಅಸಹ್ಯಾನಾ ಅನ್ನೋದು ಯಾವ ದಾಖಲೆಯಲ್ಲೂ ಬರೆದಿರಲ್ಲ. ಅದು ಪಕ್ಕದಲ್ಲಿ ನಡೆದ್ರೆ ಮಾತ್ರ ಕಾಣೋದು.

(4/6)
ಹಾಗಾಗಿ ನಡೀರಿ. ಮೊದಲನೇ ವಾರ ನೀವೂ ಜೊತೆಗೆ ಹೋಗಿ. ಒಪ್ಪದ ವಾಕರ್ ಬೇಡವೇ ಬೇಡ. ಟೈಮಿಲ್ಲ ಅನ್ನೋ ಮಾಲೀಕರಿಗೆ ಏನು ಹೇಳಬೇಕೋ ನನಗೆ ಗೊತ್ತಾಗಲ್ಲ.

ಏನು ನೋಡ್ಬೇಕು? ಬೀದಿನಾಯಿ ಎದುರಾದಾಗ ಏನು ಮಾಡ್ತಾನೆ ಅನ್ನೋದನ್ನ. ಬಿಬಿಎಂಪಿ 2023ರಲ್ಲಿ ಎಣಿಸಿದಾಗ ಊರಲ್ಲಿ ಸುಮಾರು 2.79 ಲಕ್ಷ ಬೀದಿನಾಯಿ ಇದ್ವು. ನಮ್ಮ ಕಡೆ ಒಂದೊಂದು ಕ್ರಾಸ್‌ಗೂ ಒಂದೊಂದು ಗ್ಯಾಂಗ್. ಆಪರೇಷನ್ ಮಾಡಿಸಿ, ಇಂಜೆಕ್ಷನ್ ಹಾಕಿ, ಕಿವಿ ತುದಿ ಸ್ವಲ್ಪ ಕತ್ತರಿಸಿ, ಹಿಡಿದ ಜಾಗಕ್ಕೇ ತಂದು ಬಿಡಬೇಕು ಅನ್ನೋದು ನಿಯಮ. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣದಂಥ ಕಡೆಗೆ ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಬೇರೆ ಆದೇಶ ಕೊಟ್ಟಿದೆ, ಅದು ಬೇರೆ ವಿಷಯ. ನಿಮ್ಮ ಮನೆ ಮುಂದಿನ ಕರಿಯ, ಕೆಂಚ ಅಲ್ಲೇ ಇರ್ತಾವೆ. ನಿಮ್ಮ ಲ್ಯಾಬ್ರಡಾರ್ ದಿನಾ ಅವುಗಳ ಏರಿಯಾ ದಾಟಿಯೇ ಹೋಗ್ಬೇಕು.

ಕೆಲಸ ಗೊತ್ತಿರೋ ಹುಡುಗ ದೂರದಿಂದಲೇ ನೋಡ್ತಾನೆ. ಬೆಲ್ಟ್ ಗಿಡ್ಡ ಮಾಡ್ಕೋತಾನೆ, ಓಡಲ್ಲ, ನಿಮ್ಮ ನಾಯಿ ಮತ್ತೆ ಅವುಗಳ ಮಧ್ಯೆ ತಾನು ನಿಲ್ತಾನೆ, ಬೇಕಾದ್ರೆ ರೂಟ್ ಬದಲಾಯಿಸ್ತಾನೆ. ಯಾವ ಕ್ರಾಸಲ್ಲಿ ಮರಿ ಹಾಕಿದ ತಾಯಿ ಇದೆ ಅಂತ ಅವನಿಗೆ ಗೊತ್ತಿರುತ್ತೆ. ಗೊತ್ತಿಲ್ಲದವನು ಕಲ್ಲು ಎತ್ಕೋತಾನೆ. ಕಲ್ಲು ಎತ್ತಿದವನು ನಾಳೆ ನಿಮ್ಮ ನಾಯಿ ಜೊತೆ ಅದೇ ರಸ್ತೆಗೆ ಬರ್ತಾನೆ, ಗ್ಯಾಂಗ್ ಮರೆತಿರಲ್ಲ.

ಆಮೇಲೆ ಕೈ ನೋಡಿ. ಒಂದು ಕೈಯಲ್ಲಿ ಬೆಲ್ಟ್, ಇನ್ನೊಂದರಲ್ಲಿ ರೀಲ್ಸ್ ಓಡ್ತಿದ್ರೆ ಅಲ್ಲಿಗೇ ಸಾಕು. ಕಾರ್ಡ್ ರೋಡ್ ದಾಟುವಾಗ ಒಂದು ಕ್ಷಣ ಬೆಲ್ಟ್ ಜಾರಿದ್ರೆ ಏನಾಗುತ್ತೆ ಅಂತ ನಾನು ವಿವರಿಸಬೇಕಾಗಿಲ್ಲ. ದೀಪಾವಳಿ ವಾರ, ಗಣೇಶ ಬಿಡೋ ದಿನ ತಮಟೆ ಶುರುವಾದ್ರೆ ತುಂಬಾ ಸಾಧು ನಾಯಿನೂ ಕತ್ತು ಹಿಂದಕ್ಕೆಳೆದು ಕಾಲರ್‌ನಿಂದ ತಪ್ಪಿಸ್ಕೊಳ್ಳುತ್ತೆ. ಹೆದರೋ ನಾಯಿಗೆ ಎದೆಗೆ ಹಾಕೋ ಹಾರ್ನೆಸ್ ಬೇಕು ಅಂತ ಅವನೇ ಹೇಳಿದ್ರೆ ಆ ಹುಡುಗನ್ನ ಬಿಡಬೇಡಿ. ಮಳೆ ಬಂದ ದಿನ ಕರೆಂಟ್ ಕಂಬದ ಹತ್ರ ಬಿಡದೇ ದೂರ ಕರ್ಕೊಂಡು ಹೋಗ್ತಾನಾ ನೋಡಿ. ಗಂಡುನಾಯಿಗೆ ಕಂಬ ಕಂಡ್ರೆ ಕಾಲು ಎತ್ತದೇ ಇರೋಕಾಗಲ್ಲ, ನಮ್ಮೂರ ಕಂಬಗಳನ್ನ ನಂಬೋಕಾಗಲ್ಲ.

ಬಿಸಿಲು ಇನ್ನೊಂದು. ಏಪ್ರಿಲ್‌ನಲ್ಲಿ ಅಂಗೈ ಹಿಂಭಾಗವನ್ನ ಟಾರ್ ಮೇಲೆ ಏಳು ಸೆಕೆಂಡ್ ಇಡಿ. ನಿಮಗೆ ಆಗ್ಲಿಲ್ಲ ಅಂದ್ರೆ ಅದರ ಪಾದಕ್ಕೂ ಆಗಲ್ಲ. ಪಗ್ ಥರ ಮೂತಿ ಚಪ್ಪಟೆ ಇರೋ ನಾಯಿಗಳಿಗಂತೂ ಏದುಸಿರು ಬಿಟ್ಟು ಮೈ ತಂಪು ಮಾಡ್ಕೊಳ್ಳೋದೇ ಕಷ್ಟ. (2003ರಲ್ಲಿ ಹಚ್ ಜಾಹೀರಾತು ನೋಡಿ ಪಗ್ ತಂದವರಿಗೆ ಇದನ್ನ ಯಾರೂ ಹೇಳಿರಲಿಲ್ಲ ಅನ್ಸುತ್ತೆ.) "ಹನ್ನೊಂದು ಗಂಟೆಗೆ ಫ್ರೀ ಆಗ್ತೀನಿ, ಆಗ ಬರ್ತೀನಿ" ಅನ್ನೋ ವಾಕರ್‌ಗೆ ಬೇಸಿಗೆಯಲ್ಲಿ ಬೇಡ ಅನ್ನಿ, ರೇಟ್ ಅರ್ಧ ಆದ್ರೂ.

(5/6)
ಇಷ್ಟೆಲ್ಲಾ ಅವನನ್ನ ಕೇಳಿದ್ವಿ. ನೀವೇನು ಕೊಡ್ತೀರಿ?

ಪ್ರಾಣಿ ಹಿಂಸೆ ತಡೆ ಕಾಯ್ದೆ 1960ರಲ್ಲೇ ಬಂದಿದ್ದು. ಅದರ 11ನೇ ಸೆಕ್ಷನ್ ಪ್ರಕಾರ, ಯಾವಾಗಲೂ ಕಟ್ಟಿಹಾಕಿದ ಅಥವಾ ಕೂಡಿಹಾಕಿದ ನಾಯಿಗೆ ಸರಿಯಾಗಿ ವ್ಯಾಯಾಮ ಕೊಡಿಸದಿರೋದೂ ಹಿಂಸೆಯೇ, ಅದಕ್ಕೆ ಹೊಣೆ ಮಾಲೀಕ. ಅಂದ್ರೆ ವಾಕ್ ಅನ್ನೋದು ನೀವು ನಾಯಿಗೆ ಮಾಡೋ ಉಪಕಾರ ಅಲ್ಲ. ಮೊದಲ ಸಲದ ದಂಡ ಎಷ್ಟು ಗೊತ್ತಾ? 10ರಿಂದ 50 ರೂಪಾಯಿ. ಒಂದು ಮಸಾಲೆ ದೋಸೆಗೂ ಸಾಲಲ್ಲ. ಅದಕ್ಕೇ ಯಾರೂ ಹೆದರಲ್ಲ.

ವಾಕರ್‌ಗೆ ಮಾತ್ರ ದಂಡ ಬೇರೆ. ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ಕೇಳೋದು ಪ್ರಾಣಿ ಯಾರ ವಶದಲ್ಲಿತ್ತು ಅಂತ. ಅವರು ಎಚ್ಚರ ತಪ್ಪಿ ಯಾರಿಗಾದ್ರೂ ಅಪಾಯ ಆದ್ರೆ ಆರು ತಿಂಗಳವರೆಗೆ ಜೈಲು, ಇಲ್ಲಾ 5,000 ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ನಿಮ್ಮ ರಾಟ್‌ವೀಲರ್ ಪಾರ್ಕ್ ಹತ್ರ ಯಾರೋ ಅಜ್ಜನ ಮೇಲೆ ಹಾರಿದಾಗ ಬೆಲ್ಟ್ ಹಿಡಿದವನು 58 ರೂಪಾಯಿ ಹುಡುಗ. ಕೇಂದ್ರ ಸರ್ಕಾರ 23 ತಳಿ ನಿಷೇಧ ಅಂತ ಸುತ್ತೋಲೆ ಹೊರಡಿಸಿದ್ದನ್ನ ನಮ್ಮ ಹೈಕೋರ್ಟ್ 2024ರ ಏಪ್ರಿಲ್‌ನಲ್ಲಿ ರದ್ದು ಮಾಡಿದಾಗ ಖುಷಿಪಟ್ಟವರಲ್ಲಿ ನಾನೂ ಒಬ್ಬ. ಆದ್ರೆ ಅಂಥ ನಾಯಿ ಸಾಕೋ ಸ್ವಾತಂತ್ರ್ಯ ನಿಮಗೆ, ಅದನ್ನ ಹಿಡಿಯೋ ರಿಸ್ಕ್ ಇನ್ನೊಬ್ಬರ ಮನೆ ಮಗನಿಗೆ ಅಂದ್ರೆ ಅದು ಯಾವ ನ್ಯಾಯ?

ರೇಬಿಸ್ ಲಕ್ಷಣ ಒಮ್ಮೆ ಶುರುವಾದ್ರೆ ಬದುಕೋದು ಇಲ್ಲ ಅಂತಾನೇ ಹೇಳ್ಬೇಕು. ಕಚ್ಚಿದ ತಕ್ಷಣ ಹರಿಯೋ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೀಬೇಕು, ಆಮೇಲೆ ಇಂಜೆಕ್ಷನ್. ದಿನಾ ನಾಯಿಗಳ ಮಧ್ಯೆ ಇರೋರು ಕಚ್ಚೋ ಮುಂಚೆನೇ ಹಾಕಿಸ್ಕೊಳ್ಳೋ ಲಸಿಕೆನೂ ಇದೆ. ನಾಯಿಗೆ ವರ್ಷ ವರ್ಷ ಲಸಿಕೆ ಹಾಕಿಸಿ ಕಾರ್ಡ್ ಫೋಟೋ ಸ್ಟೋರಿ ಹಾಕ್ತೀರಿ. ಅದನ್ನ ನಡೆಸೋ ಹುಡುಗನಿಗೆ ಲಸಿಕೆ ಆಗಿದೆಯಾ ಅಂತ ಯಾವತ್ತಾದ್ರೂ ಕೇಳಿದೀರಾ? ನನ್ನನ್ನ ಇದುವರೆಗೂ ಒಬ್ಬರೂ ಕೇಳಿಲ್ಲ.

(6/6)
"ಅಷ್ಟೆಲ್ಲಾ ದುಡ್ಡು ಎಲ್ಲಿಂದ ತರೋಣ, ವಾಚ್‌ಮ್ಯಾನ್ ಕೈಗೆ ಐನೂರು ಕೊಟ್ರೆ ಆಗುತ್ತೆ" ಅಂತೀರಾ? ಅವನಿಗೆ ಗೇಟ್ ಬಿಟ್ಟು ಹೋಗೋಕಾಗಲ್ಲ, ನಿಮ್ಮ ನಾಯಿ ಗೇಟ್‌ನಿಂದ ಟ್ರಾನ್ಸ್‌ಫಾರ್ಮರ್‌ವರೆಗೆ ಹೋಗಿ ವಾಪಸ್ ಬರುತ್ತೆ. ದುಡ್ಡಿಲ್ಲ ಅನ್ನೋದು ಮರ್ಯಾದೆ ಹೋಗೋ ವಿಷಯ ಅಲ್ಲ. ಆಗ ಬೆಳಗ್ಗೆ ನೀವು ಎದ್ದು ನಡೆಸಿ, ಸಂಜೆಗೆ ಮಾತ್ರ ಒಳ್ಳೆ ವಾಕರ್ ಇಟ್ಕೊಳ್ಳಿ. ಎರಡು ಸುಳ್ಳು ವಾಕ್‌ಗಿಂತ ಒಂದು ನಿಜವಾದ ವಾಕ್ ಆಗುತ್ತೆ.

ಒಂದು ಕಡೆ ಮಾತ್ರ ನಾನು ಮೆತ್ತಗಾಗ್ತೀನಿ. ರಾಜಾಜಿನಗರದ ಹಳೇ ಮನೆಗಳಲ್ಲಿ ಮಗ ಅಮೆರಿಕಕ್ಕೆ ಹೋಗುವಾಗ ಬಿಟ್ಟುಹೋದ ನಾಯಿ ಇರುತ್ತೆ, ಜೊತೆಗೆ ಮಂಡಿ ನೋವಿನ ಅಜ್ಜ ಅಜ್ಜಿ. ಅವರು ಜೊತೆಗೆ ನಡೆಯೋಕಾಗಲ್ಲ, ಚೌಕಾಸಿ ಮಾಡದೇ ಇರೋಕೂ ಆಗಲ್ಲ, ಪಿಂಚಣಿ ಲೆಕ್ಕ ಅವರದ್ದು. ಆ ಮಗ ಇದನ್ನ ಓದ್ತಿದ್ರೆ: ಅಣ್ಣಾ, ವಾಕರ್ ದುಡ್ಡು ನೀನು ಕಳಿಸು. ಈ ಸಲ ಊರಿಗೆ ಬಂದಾಗ ಒಂದು ವಾರ ಬೆಳಗ್ಗೆ ಆರಕ್ಕೆ ಎದ್ದು ವಾಕರ್ ಜೊತೆ ನಡಿ.

ಉಳಿದವರು ಗ್ರೂಪಲ್ಲಿ ಮುಂದಿನ ಸಲ ಹಾಕೋ ಮೆಸೇಜ್ ಹೀಗಿರಲಿ, ಕಾಪಿ ಮಾಡ್ಕೊಳ್ಳಿ:

"ನಾಲ್ಕು ವರ್ಷದ ಗಂಡು ಲ್ಯಾಬ್, ಬೈಕ್ ಸದ್ದಿಗೆ ಹೆದರುತ್ತೆ. ಅರ್ಧ ಗಂಟೆ, ಒಂದೇ ನಾಯಿ, ಬೇರೆ ನಾಯಿ ಜೊತೆ ಸೇರಿಸೋ ಹಾಗಿಲ್ಲ. ಮೊದಲ ವಾರ ನಾವೂ ಬರ್ತೀವಿ, ಆ ವಾರಕ್ಕೂ ದುಡ್ಡು ಕೊಡ್ತೀವಿ. ಭಾನುವಾರ ರಜ. ರೇಬಿಸ್ ಲಸಿಕೆ ಖರ್ಚು ನಮ್ಮದು. ಕಚ್ಚಿದ್ರೆ ಆಸ್ಪತ್ರೆ ಖರ್ಚೂ ನಮ್ಮದು. ಎಷ್ಟು ನಾಯಿ ನಡೆಸ್ತಿದ್ದೀರಿ, ಎಷ್ಟು ಗಂಟೆಗೆ ಯಾವ ಮನೆ ಅಂತ ಹೇಳಿ, ಆಮೇಲೆ ರೇಟ್ ಮಾತಾಡೋಣ."

ನಿಮ್ಮ ನಾಯಿ ಹೆಸರು, ಏರಿಯಾ ಕಾಮೆಂಟಲ್ಲಿ ಹಾಕಿ. ಬೈಯೋರು ಅಲ್ಲೇ ಬೈಯಿರಿ, ಡಿಎಂ ಬೇಡ. ನಾಳೆ ಇಂಟರ್ನಲ್ಸ್ ಇದೆ, ಉತ್ತರ ಸಂಜೆಗೆ.

#ನಾಯಿವಾಕಿಂಗ್ #ವಿಜಯನಗರ #ಬಸವೇಶ್ವರನಗರ #ರಾಜಾಜಿನಗರ #ಕೆಂಗೇರಿ #ಕನ್ನಡಕ್ಯಾಪ್ಶನ್