ಗಾಳ ಹಾಕೋಕೆ ಯಾರನ್ನ ಕೇಳ್ಬೇಕು?

ನನ್ನ ರೂಮ್‌ಮೇಟ್ ಕೇರಳದವನು. ಹಾಸ್ಟೆಲ್‌ಗೆ ಬರುವಾಗ ಲ್ಯಾಪ್‌ಟಾಪ್ ಜೊತೆ ಒಂದು ಫಿಶಿಂಗ್ ರಾಡ್ ಕೂಡ ತಂದಿದ್ದ. ಹೋದ ರಜೆಯಲ್ಲಿ ಅವನನ್ನ ಮಾಲೂರು ಹತ್ತಿರದ ನಮ್ಮಜ್ಜಿ ಊರಿಗೆ ಕರ್ಕೊಂಡು ಹೋದೆ. ಕೆರೆ ತುಂಬಿತ್ತು. ರಾಡ್ ಬಿಚ್ಚೋ ಮುಂಚೆ ಅವನು ಕೇಳಿದ, "ಇಲ್ಲಿ ಲೈಸೆನ್ಸ್ ಬೇಕಾ? ನಾನು ಬೇರೆ ಸ್ಟೇಟ್‌ನವನು ಅಲ್ವಾ?"

"ಕೆರೆಗೆ ಎಂಥ ಲೈಸೆನ್ಸೋ" ಅಂತ ನಕ್ಕೆ. ಹತ್ತು ನಿಮಿಷ ಆಗಿರ್ಲಿಲ್ಲ, ಕಟ್ಟೆ ಮೇಲೆ ಒಂದು ಬೈಕ್ ಬಂದು ನಿಂತಿತು.

"ಏನಪ್ಪಾ, ಯಾವೂರು ನಿಮ್ದು? ಯಾರನ್ನ ಕೇಳಿ ಗಾಳ ಹಾಕಿದ್ರಿ?"

ಅವರು ಕೆರೆಯ ಮೀನು ಗುತ್ತಿಗೆ ಹಿಡಿದವರು. ನಾನು ಅಜ್ಜಿ ಹೆಸರು ಹೇಳಿದ ಮೇಲೆ ದನಿ ಸ್ವಲ್ಪ ಇಳೀತು. "ಸಾಲ ಮಾಡಿ ಮರಿ ಬಿಟ್ಟಿದೀನಪ್ಪಾ. ನೀವು ಒಂದು ಮೀನು ಹಿಡಿದ್ರೆ ನಾನೇನ್ ಮುಳುಗಲ್ಲ. ಭಾನುವಾರ ಬೆಂಗಳೂರಿಂದ ಬೈಕ್ ಮೇಲೆ ಬೈಕ್ ಬರ್ತವೆ, ಎಲ್ಲರೂ ಒಂದೇ ಮೀನು ಅಂತಾರೆ."

ನಾಚಿಕೆ ಆಯ್ತು. ಹಾಸ್ಟೆಲ್‌ಗೆ ಬಂದು ಓದಿದೆ. ಕರ್ನಾಟಕ ಒಳನಾಡು ಮೀನುಗಾರಿಕೆ ಕಾಯ್ದೆ ಅಂತಲೇ ಒಂದಿದೆ. ದೊಡ್ಡ ಕೆರೆಗಳ ಮೀನಿನ ಹಕ್ಕನ್ನ ಮೀನುಗಾರಿಕೆ ಇಲಾಖೆ, ಸಣ್ಣವನ್ನ ಗ್ರಾಮ ಪಂಚಾಯಿತಿ ಗುತ್ತಿಗೆಗೆ ಕೊಡುತ್ತೆ. ಗುತ್ತಿಗೆ ಹಿಡಿದ ಸಂಘವೋ ವ್ಯಕ್ತಿಯೋ ಕಾಟ್ಲಾ, ರೋಹು ಮರಿ ತಂದು ಬಿಟ್ಟು ತಿಂಗಳುಗಟ್ಟಲೆ ಕಾಯಬೇಕು. ಅಂದ್ರೆ ಕೆರೆ ಮೀನು ಕಾಡು ಹಣ್ಣಲ್ಲ, ಬೆಳೆ. ಶ್ರೀನಿವಾಸಪುರದಲ್ಲಿ ಯಾರದೋ ತೋಟಕ್ಕೆ ನುಗ್ಗಿ ಮಾವಿನಹಣ್ಣು ಕೀಳ್ತೀವಾ?

ಕೋಲಾರದಲ್ಲಿ ವರ್ಷವಿಡೀ ಹರಿಯೋ ನದಿ ಇಲ್ಲ, ನಮಗೆ ಕೆರೆಯೇ ಗತಿ. 2018ರಲ್ಲಿ ಕೆ.ಸಿ. ವ್ಯಾಲಿ ನೀರು ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತು. ಬೆಂಗಳೂರಿನ ಕೊಳಚೆ ನೀರನ್ನೇ ಸಂಸ್ಕರಿಸಿ ಕಳಿಸ್ತಾರೆ. ಆ ನೀರಿನ ಗುಣಮಟ್ಟದ ಜಗಳ ಬೇರೆ ಇದೆ, ಅದಕ್ಕೆ ಇನ್ನೊಂದು ಲೇಖನ ಬೇಕು. ಆದರೆ ನೀರು ನಿಂತ ಕೆರೆಯಲ್ಲಿ ಮೀನಿಗೂ ಬೆಲೆ ಬಂತು, ನಮ್ಮಂಥ ವೀಕೆಂಡ್ ಗಿರಾಕಿಗಳೂ ಬಂದರು.

ಹಾಗಾದ್ರೆ ಹೊರಗಿನವರು ಬರಲೇಬಾರದಾ? ನಾನು ಹಾಗೆ ಹೇಳ್ತಿಲ್ಲ. ಹಿಂದೆ ಭೀಮೇಶ್ವರಿಗೆ ಮಹಶೀರ್ ಹಿಡಿಯೋಕೆ ವಿದೇಶದವರೂ ದುಡ್ಡು ಕೊಟ್ಟು ಬರ್ತಿದ್ರು, ಹಿಡಿದ ಮೀನನ್ನ ಮತ್ತೆ ಕಾವೇರಿಗೇ ಬಿಡಬೇಕಿತ್ತು. ಅಂಥದ್ದೇ ಒಂದು ಸರಳ ವ್ಯವಸ್ಥೆ ನಮ್ಮ ಕೆರೆಗಳಿಗೂ ಇರಲಿ. ಒಂದು ದಿನದ ಚೀಟಿ, ಒಬ್ಬರಿಗೆ ಒಂದೇ ಗಾಳ, ದುಡ್ಡು ಗುತ್ತಿಗೆದಾರರಿಗೆ, ಅದರಲ್ಲೊಂದು ಪಾಲು ಕೆರೆಗೆ. ಎರೆಹುಳ ಕಟ್ಟಿ ಜಿಲೇಬಿ ಮೀನು ಹಿಡಿಯೋ ಊರ ಹುಡುಗರಿಗೆ ಮಾತ್ರ ಚೀಟಿ ಬೇಡ. ಕಟ್ಟೆ ಒಡೆದ್ರೆ ಓಡಿ ಬರೋದು ಅವರ ಮನೆಯವರೇ.

ಅಮೆರಿಕದಲ್ಲಿ ಬೇರೆ ರಾಜ್ಯದವರಿಗೆ ಲೈಸೆನ್ಸ್ ಫೀಸು ಜಾಸ್ತಿ. ಅದನ್ನ ಇಲ್ಲಿಗೆ ಕಾಪಿ ಮಾಡೋದು ಬೇಡ. ಮುಳಬಾಗಿಲಲ್ಲಿ ದೋಸೆ ತಿಂದು ನಂಗಲಿ ದಾಟಿದ್ರೆ ಆಂಧ್ರ. ಮಾಲೂರಿಂದ ಹೊಸೂರು ಪಕ್ಕದಲ್ಲೇ. ಗಡಿಯ ಎರಡೂ ಕಡೆ ತೆಲುಗು ಮಾತಾಡೋ ಮನೆಗಳಿವೆ. ಇಲ್ಲಿ ಆಧಾರ್ ನೋಡಿ ಒಳಗಿನವನು, ಹೊರಗಿನವನು ಅಂತ ಹೇಗೆ ಹೇಳ್ತೀರಿ? ಅವತ್ತು ಲೈಸೆನ್ಸ್ ಬೇಕಾ ಅಂತ ಕೇಳಿದವನು ಕೇರಳದವನು. ಕೇಳದೆ ಗಾಳ ಹಾಕಿಸಿದವನು ಇದೇ ಜಿಲ್ಲೆಯ ನಾನು.

ಚೀಟಿ ಯಾವಾಗ ಬರುತ್ತೋ ಗೊತ್ತಿಲ್ಲ. ಅಲ್ಲಿವರೆಗೆ ಕೇಳೋಕೆ ದುಡ್ಡು ಬೇಕಾಗಿಲ್ಲ. ಆ ಅಣ್ಣನ ನಂಬರ್ ಇಸ್ಕೊಂಡು ಬಂದಿದೀವಿ. ಬಲೆ ಎಳೆಯೋ ದಿನ ಫೋನ್ ಮಾಡ್ತೀನಿ, ನಿಮ್ ಫ್ರೆಂಡನ್ನೂ ಕರ್ಕೊಂಡು ಬಾ ಅಂದಿದಾರೆ.