ಪಾರ್ಮೆಜಾನ್ ಮತ್ತು ನಮ್ಮ ಮಡಿ

ಅಮೆರಿಕಾದಲ್ಲಿರೋ ನಮ್ಮವರಿಗೆ ಎಲ್ಲಕ್ಕಿಂತ 'ಸೇಫ್' ಹೋಟೆಲ್ ಅಂದ್ರೆ ಮನೆ ಹತ್ತಿರದ ಪುಟ್ಟ ಇಟಾಲಿಯನ್ ಹೋಟೆಲ್. ಹತ್ತು-ಹನ್ನೆರಡು ಟೇಬಲ್ಲು, ಚೌಕಳಿ ಮೇಜುಬಟ್ಟೆ, ಕೂತ ತಕ್ಷಣ ಬಿಸಿ ಬ್ರೆಡ್ಡು, ಮಾಲೀಕನೇ ಬಂದು ಮಾತಾಡಿಸ್ತಾನೆ. ಊರಿಂದ ಅಪ್ಪ-ಅಮ್ಮ ಬಂದ್ರೂ ಅಲ್ಲಿಗೇ. ಯಾಕೆ ಅಂತ ಕೇಳಿ, 'ಅಲ್ಲಿ ಪ್ಯೂರ್ ವೆಜ್ ಸಿಗತ್ತೆ ಕಣ್ರೀ' ಅಂತಾರೆ.

ಸಿಗಲ್ಲ ಕಣ್ರೀ! ನೀವು ಅಂದುಕೊಂಡಷ್ಟಂತೂ ಸಿಗಲ್ಲ.

ಪಾಸ್ತಾ ಮೇಲೆ ಧಾರಾಳವಾಗಿ ತುರಿದು ಉದುರಿಸ್ತಾರಲ್ಲ, ಆ ಪಾರ್ಮಿಜಾನೋ ರೆಜ್ಜಾನೋ... ನಮ್ಮನೇಲಿ ಹಾಲಿಗೆ ಹೆಪ್ಪು ಹಾಕೋಕೆ ಒಂದು ಚಮಚ ಮಜ್ಜಿಗೆ ಸಾಕು, ಪನೀರಿಗೆ ನಿಂಬೆರಸ. ಅವರಿಗೆ ರೆನೆಟ್ ಬೇಕು. ಇನ್ನೂ ಹಾಲು ಕುಡಿಯೋ ಕರುವನ್ನ ಕಡಿದು ಅದರ ನಾಲ್ಕನೇ ಹೊಟ್ಟೆಯಿಂದ ತೆಗೆಯೋ ವಸ್ತು ಅದು. ಆ ಹೆಸರಲ್ಲಿ ಮಾರಬೇಕಾದ್ರೆ ಕರುವಿನ ರೆನೆಟ್ಟೇ ಹಾಕಬೇಕು ಅಂತ ನಿಯಮವೇ ಇದೆ. ಗ್ರಾನಾ ಪಡಾನೋದ ಕಥೆಯೂ ಅದೇ. ಪೆಕೊರಿನೋ ರೊಮಾನೋಗೆ ಕುರಿಮರಿಯದ್ದು. ಹಸಿರು ಬಣ್ಣ ನೋಡಿ ನಂಬೋ ಪೆಸ್ಟೋದಲ್ಲೂ ಇವೇ ಚೀಸು.

ಎಲ್ಲ ಚೀಸೂ ಹಾಗಲ್ಲ. ಸೂಕ್ಷ್ಮಜೀವಿಗಳಿಂದ ತಯಾರಿಸಿದ ಕೈಮೊಸಿನ್‌ಗೆ ಅಮೆರಿಕಾ 1990ರಲ್ಲೇ ಒಪ್ಪಿಗೆ ಕೊಟ್ಟಿದೆ, ಇಲ್ಲಿಯ ಹೆಚ್ಚಿನ ಚೀಸು ಅದರಿಂದಲೇ ಆಗೋದು. ತಮಾಷೆ ನೋಡಿ, ಇಟಲಿಯಿಂದ ತರಿಸಿದ ಅಸಲಿ ಚೀಸ್ ಹಾಕೋ ಒಳ್ಳೆ ಹೋಟೆಲಿಗಿಂತ ಅಗ್ಗದ ಲೋಕಲ್ ಚೀಸ್ ಹಾಕೋ ಹೋಟೆಲೇ ಹೆಚ್ಚು ಸಸ್ಯಾಹಾರಿ ಆಗಿರಬಹುದು :-)

ತಿನ್ನಿ, ನನ್ನ ತಕರಾರಿಲ್ಲ. ನಾನೂ ಸಸ್ಯಾಹಾರಿಯೇ, ಚೀಸ್ ಬೇಡ ಅಂತ ಹೇಳಿ ಆರ್ಡರ್ ಮಾಡ್ತೀನಿ, ಅದು ನನ್ನಿಷ್ಟ. ತಕರಾರು ಬೇರೆ. ಮೊನ್ನೆ ಇಂಥದ್ದೇ ಒಂದು ಹೋಟೆಲಿಗೆ ಆರೇಳು ಜನ ಕನ್ನಡದವರು ಹೋಗಿದ್ವಿ. ಮಂಡ್ಯ ಕಡೆ ಹುಡುಗನೊಬ್ಬ ಚಿಕನ್ ಹೇಳಿದ. ಪಕ್ಕದಲ್ಲಿದ್ದ ಮಹಾಶಯರು, 'ನೀನು ಆ ಕೊನೇಲಿ ಕೂತ್ಕೋಪ್ಪಾ, ನಮಗೆ ಆಗಲ್ಲ' ಅಂದ್ರು. ಅವನು ಮಾತಾಡದೆ ತಟ್ಟೆ ಎತ್ತಿಕೊಂಡು ಹೋದ. ಆಮೇಲೆ ಇವರು ವೇಟರನ್ನ ಎರಡು ಸಲ ಕರೆದು ಇನ್ನಷ್ಟು ಪಾರ್ಮೆಜಾನ್ ತುರಿಸಿಕೊಂಡ್ರು!

ನಾನು ಕರುವಿನ ವಿಷಯ ಎತ್ತಿದ್ರೆ, 'ಗೊತ್ತಿಲ್ಲದೆ ತಿಂದ್ರೆ ದೋಷ ಇಲ್ಲ' ಅಂತ ಉತ್ತರ. ಈಗ ಗೊತ್ತಾಯ್ತಲ್ಲ ಸ್ವಾಮಿ? ಅದಕ್ಕೆ ನಗು. ಬೆಂಗಳೂರಲ್ಲಿ ಮನೆ ಬಾಡಿಗೆಗೆ ಕೊಡೋವಾಗ ಇವರು ಊರು, ಅಡ್ಡಹೆಸರು, ಏನು ತಿಂತೀರಾ ಅಂತ ಕೇಳಿ ಜಾಲಾಡಿಬಿಡ್ತಾರೆ. ಅದೇ ವೇಟರ್ ಹತ್ರ ಒಂದು ಪ್ರಶ್ನೆ ಕೇಳೋಕೆ ಬಾಯಿ ಬರಲ್ಲ. ಪ್ರಾಣಿಯ ಮೇಲಿನ ದಯೆಯೇ ಕಾರಣ ಆಗಿದ್ರೆ ಮೊದಲು ನೆನಪಾಗಬೇಕಿದ್ದದ್ದು ಕರು ಅಲ್ವಾ? ಇವರಿಗೆ ನೆನಪಾಗೋದು ಪಕ್ಕದವನ ಜಾತಿ. 'ಓನ್ಲಿ ವೆಜಿಟೇರಿಯನ್ಸ್' ಬೋರ್ಡಿನ ಅರ್ಥ ಎಲ್ಲರಿಗೂ ಗೊತ್ತು, ಬಾಯಿಬಿಟ್ಟು ಹೇಳಲ್ಲ ಅಷ್ಟೆ.

ಆ ಹುಡುಗ ಈಗ ಗುಂಪಿನ ಊಟಕ್ಕೆ ಬರೋದು ಬಿಟ್ಟಿದಾನೆ. ಈ ಶುಕ್ರವಾರ ನಾವಿಬ್ಬರೇ ಹೋಗ್ತಾ ಇದೀವಿ. ನನಗೆ ಖಾರದ ಅರಬ್ಬಿಯಾತ, ಚೀಸ್ ಇಲ್ಲದೆ. ಅವನಿಗೆ ಏನು ಬೇಕೋ ಅದು, ನನ್ನ ಪಕ್ಕದಲ್ಲೇ.